ಬಾಣಂತಿಯರ ಮರದ ತಂಗೆವ್ವ

ಜೋತು ಉಣ್ಣುವವರಿಗೆ ಆಲದ ಮರವೂ ಸಾಲದು! ಗಾದೆಯ ಕೈಕಾಲು ತಿರುಚಿದ್ದು ಹೌದು. ಮುಂದಿನ ಈ ರೇಡಿಯೋ ಕಾಲದ ಕಥೆ ಮಾತ್ರ ಅಪ್ಪಟ ನಿಜ.

ಬೆಳಕು ಹರಿಯುತ್ತಿದೆ. ಅಕಿವಾಟ ಹಳ್ಳಿಯ ಅಂಚಿನ ಆಲದ ಮರಕ್ಕೆ ಬಾವಲಿಗಳು ರಾತ್ರಿಪಾಳಿ ಮುಗಿಸಿ ಮರಳುತ್ತಿವೆ. ಕೆಳಗೆ ತಂಗೆವ್ವ ತಲೆಗೆ ಬಿದಿರುಬುಟ್ಟಿ ಬೋರಲು ಹಾಕಿಕೊಂಡು ಗುಡಿಸುತ್ತಿದ್ದಾಳೆ. ಮೇಲಿನವರ ‘ಪ್ರಸಾದ’ ಬುಟ್ಟಿಯ ಮೇಲೆ ಟಪಟಪ ಬೀಳುತ್ತದೆ. “ಬೀಳಲೇಳ್ರಿ. ಉಂಡವರು ಎಲಿ ಎತ್ತಬೇಕಂದ್ರ ಅವಕ್ಕ ಕೈ ಎಲ್ಲದಾವು?”

ಕುರುಬರ ಮನೆಯ ಮಗಳು. ಯಡ್ರಾವದ ಮಗ್ಗಗಳಲ್ಲಿ ನೂಲು ಸುತ್ತುತ್ತ, ಹತ್ತಿಯ ಧೂಳು ನುಂಗಿ ಕೆಮ್ಮು ಹತ್ತಿಸಿಕೊಂಡ ಮೇಲೆ ಹಿಡಿದ ಪೊರಕೆ ಇದು. ಪಂಚಾಯತಿ ಕೊಡುವುದು ಅಷ್ಟಕ್ಕಷ್ಟೇ. ಹಿಕ್ಕೆ ಮಾತ್ರ ಅವಳ ಬದನೆ ಮಡಿಗೆ ಗೊಬ್ಬರ. ಮರಿ ಕೆಳಗೆ ಬಿದ್ದರೆ ಗಳದ ತುದಿಯಲ್ಲಿ ಎತ್ತಿ ತಗ್ಗಿನ ಕೊಂಬೆಗೆ ಜೋತುಹಾಕಿ, ತಾಯಿ ಬರುವ ತನಕ ದೂರ ನಿಲ್ಲುತ್ತಾಳೆ. “ಬಾಣಂತ್ಯಾರ್ರೀ ಇವರು. ಕೂಸು ಎದಿಗೆ ಕಚ್ಚಿಸ್ಕೊಂಡು ಹಾರ್ತಾರ. ನಾವು ನಡ್ಯಾಕ ಉಸ್ ಅಂತೀವಿ!”

ಆ ಬಾಣಂತನವೇ ಸಂಕಟ. ಬಾವಲಿ ಮಾಂಸ ತಿಂದರೆ ದಮ್ಮು ಹೋಗುತ್ತದೆಂದು ನಂಬಿದವರು ಇಚಲಕರಂಜಿ ಕಡೆಯಿಂದ ಬಂದೂಕು ಹಿಡಿದು ಬರುತ್ತಾರೆ. ಮರಿ ಹೊತ್ತವು ನಿಧಾನ. ಅವೇ ಮೊದಲು ಬೀಳುತ್ತವೆ. ಕಾನೂನಿಗೆ ಮೊರೆಯಿಡೋಣವೆಂದರೆ, ಎಪ್ಪತ್ತೆರಡರ ವನ್ಯಜೀವಿ ಕಾಯ್ದೆ ಹಣ್ಣುಬಾಕ ಬಾವಲಿಯನ್ನು ಕಾಗೆ, ಇಲಿಗಳ ಪಂಕ್ತಿಯಲ್ಲೇ ಕೂರಿಸಿದೆ. ಹೊಡೆದರೆ ಕೇಳುವವರಿಲ್ಲ.

ಮರದೆದುರಿನ ಚಹಾದಂಗಡಿಯ ಜಿನಪಾಲ ಕೊಲ್ಹಾಪುರದಲ್ಲಿ ಬಿ.ಎ. ಓದಿದವನು, ಯಾರ ಗಂಟಲನ್ನಾದರೂ ಎರವಲು ತರಬಲ್ಲ. ಈ ಬೇಸಿಗೆಯ ಒಂದು ಮುಂಜಾನೆ ರೇಡಿಯೋ ಇಟ್ಟ ಮೇಜಿನ ಕೆಳಗೆ ಅಡಗಿ, ವಾರ್ತೆ ಓದುವವರ ಗತ್ತಿನಲ್ಲಿ ಸಾರಿದ: “ಬಾವಲಿಯನ್ನು ಸರ್ಕಾರದ ಗೌರವ ಲಾಂಛನವೆಂದು ಘೋಷಿಸಲಾಗಿದೆ!” ಚಹಾ ಕುಡಿಯುತ್ತಿದ್ದ ತಂಗೆವ್ವ ಬಸಿ ಕೆಳಗಿಟ್ಟು ರೇಡಿಯೋಕ್ಕೆ ಕೈಮುಗಿದಳು. ಅಂದೇ ಮರದ ಬುಡಕ್ಕೆ ಕುಂಕುಮವೂ ಬಿತ್ತು.

ಮುಂದಿನ ವಾರ ಬಂದೂಕಿನವರು ಬಂದರು. ತಂಗೆವ್ವ ಪೊರಕೆ ಅಡ್ಡ ಹಿಡಿದಳು. “ಸರಕಾರದ ಮುದ್ರಿ ಮ್ಯಾಲ ಗುಂಡು ಹಾರಸ್ತೀರೇನ್ರಿ? ಮೂರು ಸಿಂಹದ ಕೆಳಗ ಈಗ ಬಾವಲಿ ಜೋತಾಡಾಕತ್ತೈತಿ! ರೇಡಿಯೋ ಕೇಳಿಲ್ಲೇನು?”

ಬಂದವರು ಮುಖ ಮುಖ ನೋಡಿಕೊಂಡರು. “ಖರೇ ಏನೋ?” ಎಂದು, ಗದ್ದಲ ಕೇಳಿ ಅಂಗಡಿಯಿಂದ ಬಂದ ಜಿನಪಾಲನನ್ನು ಕೇಳಿದರು. ಬೆವರೊರೆಸಿಕೊಳ್ಳುತ್ತ ಅವನೆಂದ: “ಹೌದ್ರಿ, ನಾನೂ ಕೇಳೇನಿ.” ಬಂದೂಕು ಬಂದ ದಾರಿ ಹಿಡಿಯಿತು.

ಮರುದಿನ ಗುಡಿಸಿ, ತಲೆಯ ಬುಟ್ಟಿ ಇಳಿಸದೆಯೇ ಅಂಗಡಿಗೆ ಬಂದ ತಂಗೆವ್ವನ ಮುಂದೆ ಅವನು ಚಹಾ ಇಟ್ಟ. “ಯವ್ವಾ, ಅವತ್ತ ಮೇಜಿನ ಕೆಳಗಿಂದ ಓದಿದಾಂವ ನಾನ. ಎಲ್ಲಾ ಸುಳ್ಳು,” ಎಂದ. ಅಂಗಡಿಯಲ್ಲಿದ್ದವರೆಲ್ಲ ಕಿಸಕ್ಕೆಂದರು.

ತಂಗೆವ್ವ ಮರದತ್ತ ನೋಡಿದಳು. ಅಲ್ಲಿ ಎಲ್ಲವೂ ಜೋತುಕೊಂಡೇ ಇದ್ದವು.

“ಎಲಾ ಖೋಡಿ! ಹಂಗಾರ ದಿನಾ ಮೇಜಿನ ಕೆಳಗ ಕುಂಡ್ರು. ಕೂಸುಗಳ ರೆಕ್ಕಿ ಬಲಿಯೂತನಾ ಇದನ್ನ ಓದು, ಸಾಕು,” ಎಂದವಳು ತಲೆಯ ಬುಟ್ಟಿ ಜಾರಿ ಬೀಳುವಂತೆ, ಕೆಮ್ಮು ಹತ್ತುವ ತನಕ, ಎಲ್ಲರಿಗಿಂತ ಜೋರಾಗಿ ನಕ್ಕಳು.