ಅಂಗಳದ ಬದಲಿ ಮಾರ್ಗ

ಮಿಡಿಗೇಶಿಯ ಹತ್ತಿರ ರಸ್ತೆ ಅಗೆದಿದ್ದಾರೆ. ಪಾವಗಡದ ಮದುವೆಗೆ ಹೊರಟಿದ್ದ ನನ್ನನ್ನು ಬಸ್ಸು ಗುಂಡಿಯ ಈಚೆಗೇ ಇಳಿಸಿತು. ಆಚೆ ಇನ್ನೊಂದು ಬಸ್ಸು ಸಿಗುತ್ತದಂತೆ. ಎದುರಿಗೆ ಹಳದಿ ಬೋರ್ಡು: 'ಪಾದಚಾರಿಗಳು ಮತ್ತು ಸೈಕಲ್ ಸವಾರರು ಕೆರೆ ಏರಿಯ ಬದಲಿ ಮಾರ್ಗ ಬಳಸಿ.'

ಆ ಸಾಲು ಬರೆದವನು ನಾನೇ. ಗುತ್ತಿಗೆದಾರರ ಮಧುಗಿರಿ ಕಚೇರಿಯಲ್ಲಿ ಕೂತು, ಲಾರಿಗಳ ಸುತ್ತುದಾರಿಗಾಗಿ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ನಡೆಯುವವರಿಗೆ ನಕ್ಷೆಯ ಮೇಲೆ ಒಂದು ಗೆರೆ ಎಳೆದು ಕೈತೊಳೆದುಕೊಂಡಿದ್ದೆ.

ಏರಿಯತ್ತ ಯಾರೂ ಹೋಗುತ್ತಿರಲಿಲ್ಲ. ಎಲ್ಲರೂ ಪಕ್ಕದ ಮನೆಯ ಅಂಗಳ ಹಾಯುತ್ತಿದ್ದರು. ಅಲ್ಲಿ ಬೇಲಿ ಕಿತ್ತು, ಚರಂಡಿಗೆ ಚಪ್ಪಡಿ ಹಾಸಿದ್ದರು. ಬಾಗಿಲ ಮುಂದಿನ ರಂಗೋಲಿಯನ್ನೂ ಎರಡು ಭಾಗ ಮಾಡಿ, ನಡುವೆ ಸೈಕಲ್ಲು ಹೋಗುವಷ್ಟು ಜಾಗ ಬಿಟ್ಟಿದ್ದರು.

"ಇಂಗೆ ಬಂದ್ಬುಡಿ ಸಾ," ಎಂದು ಆ ಮನೆಯ ವಯಸ್ಸಾದ ಹೆಂಗಸು ಕರೆದರು.

"ಏರಿ ಮೇಲೆ ದಾರಿ ಇದೆಯಲ್ಲಮ್ಮ?"

"ಏರಿ ಕುಸ್ದೋಗೈತೆ. ಇಸ್ಕೂಲ್ ಹೆಣ್ಮಕ್ಳು ಸೈಕಲ್ ಹೊತ್ಕಂಡು ಜಾಲಿಮುಳ್ಳಲ್ಲಿ ಬರೋರು. ನೋಡಕ್ಕಾಗ್ದೆ ಬೇಲಿ ಕಿತ್ಬುಟ್ಟೆ. ಬೋರ್ಡ್ ಬರ್ದೋನು ಇಲ್ಲಿ ಒಂದ್ ದಿನಾನೂ ನಡ್ದಿಲ್ಲ ಕಣಪ್ಪ. ನೀವೇನ್ ಮಾಡ್ಕಂಡಿದ್ದೀರಾ?"

"ಮೇಷ್ಟ್ರು," ಅಂದುಬಿಟ್ಟೆ.

ಅವರ ಮುಖ ಅರಳಿತು. ಒಳಗಿನಿಂದ ಹಾಳೆ, ಪೆನ್ನು ತಂದರು. "ಅಂಗಾರೆ ಆ ಬೋರ್ಡ್ ಬರ್ದೋರಿಗೊಂದು ಅರ್ಜಿ ಬರ್ಕೊಡಿ."

ಜಗಲಿಯ ಮೇಲೆ ಕೂತು, ಅವರು ಹೇಳಿದ್ದನ್ನೆಲ್ಲ ಬರೆದೆ. ವಿಳಾಸದ ಜಾಗದಲ್ಲಿ ನನ್ನ ಹುದ್ದೆಯನ್ನೇ ಬರೆದೆ. ಅವರು ನಿಧಾನವಾಗಿ ಸಹಿ ಹಾಕಿದರು.

"ಓದ್ತಾರಾ ಮೇಷ್ಟ್ರೇ?"

"ಓದ್ತಾರಮ್ಮ," ಎಂದೆ, ರಂಗೋಲಿ ನೋಡುತ್ತ.