ಹಿಂದೆ ನಿಲ್ಲುವ ಕ್ಯಾಪ್ಟನ್

ಚಿನ್ನದ ಗಣಿಯೂರು ಉರಿಗಾಂನ ಬೈರೇಶಣ್ಣ ಬೆಂಗಳೂರಿನ ಕ್ಲಬ್ಬೊಂದಕ್ಕೆ ಸಂಬಳ ತೆಗೆದುಕೊಂಡು ಫುಟ್‌ಬಾಲ್ ಆಡಿದವರು. ಗೋಲ್‌ಕೀಪರ್, ಮೇಲಾಗಿ ಕ್ಯಾಪ್ಟನ್. ಆಟ ಬಿಟ್ಟು ಊರಿಗೆ ಬಂದು ಎಷ್ಟೋ ವರ್ಷವಾದರೂ ಆ ಎರಡು ಕೆಲಸಗಳಿಗೂ ಅವರಿನ್ನೂ ರಾಜೀನಾಮೆ ಕೊಟ್ಟಿಲ್ಲ. ಎಲ್ಲಿಗೆ ಹೋದರೂ ಎಲ್ಲರಿಗಿಂತ ಹಿಂದೆ ನಿಲ್ಲುತ್ತಾರೆ, ಅಲ್ಲಿಂದಲೇ ಕೂಗುತ್ತಾರೆ: "ಸಂದು ಬಿಡಬ್ಯಾಡ್ರಲಾ!" ರೇಷನ್ ಅಂಗಡಿಯ ಸಾಲಿಗೂ ಅದೇ ಕೂಗು, ಬಂಗಾರಪೇಟೆಯಲ್ಲಿ ರೈಲು ಹತ್ತುವ ಜನಕ್ಕೂ ಅದೇ, ಮದುವೆ ಫೋಟೋಗೆ ನಿಂತ ಬೀಗರಿಗೂ ಅದೇ. ಒಮ್ಮೆ ಪಾನಿಪುರಿ ಗಾಡಿಯಿಂದ ಜಾರಿದ ತಟ್ಟೆಯನ್ನು ಹಾರಿ ಹಿಡಿದು, ಎದೆಗವಚಿಕೊಂಡು ರಸ್ತೆಯಲ್ಲೇ ಮಲಗಿಬಿಟ್ಟರು. ಎಬ್ಬಿಸಲು ನಾಲ್ವರು ಬೇಕಾದರು. ಸಾವಿನ ಮನೆಯಲ್ಲಂತೂ ಅವರಿಲ್ಲದೆ ಚಟ್ಟ ಏಳುವುದಿಲ್ಲ. ಫ್ರೀಕಿಕ್ಕಿಗೆ ಆಟಗಾರರ ಗೋಡೆ ಕಟ್ಟಿದಂತೆ, ಹೆಗಲು ಕೊಡುವವರನ್ನು ಎತ್ತರ ನೋಡಿ ನಿಲ್ಲಿಸುತ್ತಾರೆ. ಇತ್ತೀಚೆಗೆ ಹೊರುವವರೂ ಹೊರಿಸಿಕೊಳ್ಳುವವರೂ ಬೈರೇಶಣ್ಣ ತಾವೇ ಕ್ಲಬ್ಬಿಗೆ ಕರೆದೊಯ್ದಿದ್ದ ಉರಿಗಾಂ ಹುಡುಗರೇ. ಈಗ ಅವರಿಗೂ ತಲೆ ನೆರೆತಿದೆ. ಕುಡಿದೋ ಕೆಮ್ಮಿಯೋ ಒಬ್ಬೊಬ್ಬರಾಗಿ ಮುಗಿಯುತ್ತಿದ್ದಾರೆ. ಮೊನ್ನೆಯೂ ಬೈರೇಶಣ್ಣ ಚಟ್ಟದ ಹಿಂದೆ ನಿಂತು ನೋಡಿದರು. ಎಡಗಡೆ ಖಾಲಿ ಇತ್ತು. ಅಲ್ಲಿ ಯಾವಾಗಲೂ ನಿಲ್ಲುತ್ತಿದ್ದವನು ಮೈದಾನದಲ್ಲೂ ಅವರ ಎಡಬದಿ ಕಾಯುತ್ತಿದ್ದ ಕಾಂತರಾಜ್. "ಲೇ ಕಾಂತರಾಜಾ, ಎಲ್ಲೋದೆಲಾ? ಎಡಕ್ಕೆ ಬಾರ್ಲಾ!" ಎಂದು ಗದರಿದರು. ಚಟ್ಟದ ಮೇಲೆ ಮಲಗಿದ್ದವನೇ ಕಾಂತರಾಜ್. ಜೀವಮಾನವೆಲ್ಲ ಹಿಂದೆಯೇ ನಿಂತಿದ್ದ ಬೈರೇಶಣ್ಣ ಮುಂದೆ ಬಂದು, ಆ ಸಂದಿಗೆ ತಮ್ಮ ಹೆಗಲು ಕೊಟ್ಟರು.