ಗ್ರೆಗರಿ ಮಾಸ್ಟ್ರ ಡ್ರಮ್ ಸೆಟ್

ಇದನ್ನು ನಾನು ಯಾರದೋ ಬಾಯಿಂದ ಕೇಳಿ ಹೇಳುತ್ತಿಲ್ಲ. ನನಗೇ ಆದದ್ದು. ಅರ್ಧಕ್ಕೆ ನನ್ನ ಗೆಳೆಯ ವಿಠಲ ಸಾಕ್ಷಿ. ಉಳಿದರ್ಧಕ್ಕೆ ನಾನೊಬ್ಬನೇ... ಅದೇ ಕಷ್ಟ.

ಎಂಬತ್ತರ ದಶಕದ ನಡುವಿನ ಮಾತು. ಹಂಪನಕಟ್ಟೆಯಲ್ಲಿ ನನ್ನ ಸೋದರಮಾವನ ಹೋಟೆಲಿತ್ತು. ಹಗಲು ನಾನು ಅಲ್ಲಿ ಕ್ಯಾಶಿನಲ್ಲಿ ಕೂರುತ್ತಿದ್ದೆ. ಸಂಜೆಯಾದರೆ ಆರ್ಕೆಸ್ಟ್ರಾ. ವಿಠಲ ಗಿಟಾರ್, ನಾನು ಡ್ರಮ್ಸ್. ಸ್ವಂತ ಸೆಟ್ ಇರಲಿಲ್ಲ. ಒಂದೊಂದು ಕಾರ್ಯಕ್ರಮಕ್ಕೆ ಒಂದೊಂದು ಬಾಡಿಗೆ ಸೆಟ್. ಸ್ಟೂಲಿನ ಎತ್ತರ ಹೊಂದಿಸಿಕೊಳ್ಳುವಷ್ಟರಲ್ಲೇ ಮೊದಲ ಹಾಡು ಮುಗಿದಿರುತ್ತಿತ್ತು.

"ನನ್ನ ಅಣ್ಣ ದುಬೈಯಿಂದ ಎಲೆಕ್ಟ್ರಾನಿಕ್ ಪ್ಯಾಡ್ ತರ್ತಾನಂತೆ," ಎಂದಿದ್ದ ವಿಠಲ. "ಕಿವಿಗೆ ಹೆಡ್‌ಫೋನ್ ಹಾಕಿ ಬೇಕಾದಷ್ಟು ಪ್ರಾಕ್ಟೀಸ್ ಮಾಡು. ನಿನ್ನ ಮಾವನಿಗೆ ಗೊತ್ತೇ ಆಗುದಿಲ್ಲ."

"ಅದು ರಬ್ಬರಿಗೆ ಹೊಡೆದ ಹಾಗೆ ಮಾರಾಯ. ನನಗೆ ಮರದ್ದೇ ಬೇಕು."

ಹಾಗೆ ಮಾರಲಿಕ್ಕಿರುವ ಹಳೆಯ ಸೆಟ್ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಜೆಪ್ಪುವಿನ ಒಂದು ಸಣ್ಣ ಹೆಂಚಿನ ಮನೆ. ಗ್ರೆಗರಿ ಮಾಸ್ಟ್ರದ್ದು. ಮದುವೆ ಬ್ಯಾಂಡುಗಳಲ್ಲಿ ಬಾರಿಸಿ ಹೆಸರು ಮಾಡಿದವರು. ಲಕ್ವ ಹೊಡೆದು ಬಲಗೈ ಸತ್ತುಹೋಗಿತ್ತು. ಆ ಕೈ ಅವರ ತೊಡೆಯ ಮೇಲೆ ಮಡಿಸಿಟ್ಟ ಬಟ್ಟೆಯಂತೆ ಬಿದ್ದಿತ್ತು. ತಂಗಿ ಜೂಲಿಯಾನ ಬಾಯಿ ಪಕ್ಕದಲ್ಲಿ ಕುಳಿತು ಅದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಬೆಳ್ಳುಳ್ಳಿ, ಕರ್ಪೂರ ಹಾಕಿ ಕಾಯಿಸಿದ ಎಣ್ಣೆ. ಮನೆಯೆಲ್ಲ ಅದರದೇ ವಾಸನೆ.

ಸೆಟ್ ಚೆನ್ನಾಗಿತ್ತು. ಕೆಂಪು ಬಣ್ಣದ ಮರದ ಡ್ರಮ್ಮುಗಳು. ಆದರೆ ಜೋಡಿಸಿದ್ದು ತಿರುವುಮುರುವು. ಎಡಗಡೆ ಇರಬೇಕಾದ ಹೈಹ್ಯಾಟ್ ತಾಳಗಳು ಬಲಕ್ಕೆ, ಬಲಗಡೆಯ ದೊಡ್ಡ ಟಾಮ್ ಡ್ರಮ್ಮು ಎಡಕ್ಕೆ.

"ಇದೆಂತ, ಉಲ್ಟಾ ಉಂಟಲ್ಲ?" ವಿಠಲ ಕೇಳಿದ.

"ಬಲಗೈ ಹೋದ ಮೇಲೆ ಅಣ್ಣ ಎಡಗೈಯಲ್ಲಿ ಕಲೀಲಿಕ್ಕೆ ನೋಡಿದ್ರು," ಎಂದರು ಜೂಲಿಯಾನ ಬಾಯಿ. "ಆಗ್ಲಿಲ್ಲ."

ಮಾಸ್ಟ್ರು ನನ್ನನ್ನು ನೋಡಿ, "ಸರಿ ಮಾಡಿ ಒಮ್ಮೆ ಬಾರಿಸು," ಎಂದರು.

ಸ್ಟ್ಯಾಂಡುಗಳನ್ನು ಆಚೀಚೆ ಮಾಡಿ ಬಾರಿಸಿದೆ. ಅವರು ನನ್ನ ಮುಖ ನೋಡಲಿಲ್ಲ. ಬಲಗೈಯನ್ನೇ ನೋಡುತ್ತಿದ್ದರು. ಮುಗಿಸಿದಾಗ ಅವರ ಕಣ್ಣು ತುಂಬಿತ್ತು.

"ತೆಗೊಂಡು ಹೋಗು. ಒಳ್ಳೆ ಕೈ ಉಂಟು ನಿನ್ನದು."

ಹೋಟೆಲಿನ ಮೇಲಿನ ಉಗ್ರಾಣದಲ್ಲಿ ಅಕ್ಕಿಮೂಟೆಗಳ ನಡುವೆ ಸೆಟ್ ಇಟ್ಟೆ. ಮೂಟೆಗಳು ಸದ್ದು ನುಂಗುತ್ತವೆ, ಬೀದಿಗೆ ಕೇಳುವುದಿಲ್ಲ. ಬಾಸ್ ಡ್ರಮ್ಮಿನೊಳಗೆ ಹಳೆಯ ದಿಂಬು ತುರುಕಿ, ಚರ್ಮ ಬಿಗಿದು, ನನಗೆ ಬೇಕಾದ ಹಾಗೆ ಕೂರಿಸಿ, ಬೀಗ ಹಾಕಿದೆ. ಕೀಲಿ ನನ್ನ ಜೇಬಿನಲ್ಲಿ.

ಮರುದಿನ ಬಾಗಿಲು ತೆಗೆದರೆ... ಸೆಟ್ ಮತ್ತೆ ತಿರುವುಮುರುವು.

ವಿಠಲನನ್ನು ಬೈದೆ. ಅವನು ತನ್ನ ತಾಯಿಯ ಮೇಲೆ ಆಣೆ ಹಾಕಿದ. ಮಾವನನ್ನು ಕೇಳಿದೆ. "ನನಗೆ ಬೇರೆ ಕೆಲಸ ಇಲ್ವಾ?" ಎಂದರು. ಸರಿಮಾಡಿಟ್ಟೆ. ಮಾರನೆಯ ದಿನವೂ ಹಾಗೆಯೇ. ಈ ಸಲ ನಾನು ಮುಟ್ಟಲಿಲ್ಲ. ಯಾರು ಬರುತ್ತಾರೆಂದು ನೋಡಿಯೇ ಬಿಡುತ್ತೇನೆ ಎಂದು, ಆ ರಾತ್ರಿ ಒಳಗಿಂದ ಚಿಲಕ ಹಾಕಿ ಅಲ್ಲೇ ಚಾಪೆ ಹಾಸಿ ಮಲಗಿದೆ.

ಎಚ್ಚರವಾದಾಗ ಕರೆಂಟ್ ಹೋಗಿತ್ತು. ಫ್ಯಾನ್ ನಿಂತಿತ್ತು. ಕೆಳಗಿನ ಅಡುಗೆಮನೆಯಿಂದ ನಾಳೆಯ ಹಿಟ್ಟಿನ ಹುಳಿವಾಸನೆ ಬರುತ್ತಿತ್ತು. ಅದರ ನಡುವೆಯೇ ಇನ್ನೊಂದು ವಾಸನೆ... ಬೆಳ್ಳುಳ್ಳಿ, ಕರ್ಪೂರ, ಕಾಯಿಸಿದ ಎಣ್ಣೆ.

ಕಿರ್... ಕಿರ್...

ಸ್ಟ್ಯಾಂಡಿನ ತಿರುಪು ಸಡಿಲಿಸುವ ಸದ್ದು. ಬಾರಿಸುವವನಿಗೆ ಅದು ನಿದ್ದೆಯಲ್ಲೂ ಗೊತ್ತಾಗುತ್ತದೆ. ಮತ್ತೆ ಕಬ್ಬಿಣದ ಕಾಲು ನೆಲದ ಮೇಲೆ ಎಳೆದ ಸದ್ದು. ಸ್ವಲ್ಪ ನಿಂತು, ಸ್ವಲ್ಪ ಎಳೆದು... ಅವಸರವೇ ಇಲ್ಲ.

ಏಳಬೇಕೆಂದೆ. ಎಡಗೈ ಊರಿದೆ, ಕಾಲು ಮಡಿಸಿದೆ. ಬಲಗೈ ಮಾತ್ರ ಏಳಲಿಲ್ಲ. ಯಾರೋ ಅದರ ಮೇಲೆ ಅಕ್ಕಿಮೂಟೆ ಇಟ್ಟ ಹಾಗೆ. ಎಡಗೈಯಿಂದ ತಡವಿ ನೋಡಿದೆ, ಮೇಲೆ ಏನೂ ಇಲ್ಲ. ಎಷ್ಟು ಜಗ್ಗಿದರೂ ಅದು ನೆಲಕ್ಕೆ ಅಂಟಿಕೊಂಡೇ ಇತ್ತು. "ಮಾವ..." ಎಂದು ಕೂಗಬೇಕೆಂದೆ. ಬಾಯಿಂದ ಬರೀ ಗಾಳಿ ಬಂತು.

ಸ್ಟೂಲು ಕಿರುಗುಟ್ಟಿತು. ಯಾರೋ ಕುಳಿತರು.

ಟಕ್.

ಸಣ್ಣ ಡ್ರಮ್ಮಿನ ಮೇಲೆ ಒಂದೇ ಒಂದು ಪೆಟ್ಟು, ತೀರಾ ಮೆಲ್ಲಗೆ. ಆದರೆ ಆ ಪೆಟ್ಟು ಕೋಲಿನಿಂದ ವಾಪಸು ಬಂದು ತಾಗಿದ್ದು... ನನ್ನ ಬಲ ಮಣಿಕಟ್ಟಿಗೆ!

ಟಕ್... ಟಕ್...

ಒಂದೊಂದು ಪೆಟ್ಟಿಗೂ ನನ್ನ ಕೈಯೊಳಗಿನ ನರ ಜುಮ್ಮೆನ್ನುತ್ತಿತ್ತು. ಅಲ್ಲಿ ಕುಳಿತವರು ಪಾಠ ಕಲಿಯುತ್ತಿದ್ದರು. ತಪ್ಪುತ್ತಿದ್ದರು, ನಿಲ್ಲಿಸುತ್ತಿದ್ದರು, ಮತ್ತೆ ಮೊದಲಿನಿಂದ ಸುರುಮಾಡುತ್ತಿದ್ದರು. ಎಷ್ಟು ತಾಳ್ಮೆ! ಹೊತ್ತು ಹೋದಂತೆ ಕೈ ಪಳಗಿತು. ಲಯ ಬಂತು. ಅಲ್ಲಿ ಪೆಟ್ಟು ಗಟ್ಟಿಯಾದಷ್ಟೂ ನನ್ನ ಮಣಿಕಟ್ಟಿನ ಜುಮ್ಮು ಕಡಿಮೆಯಾಗುತ್ತ ಹೋಯಿತು. ಮೊದಲು ಬೆರಳು, ಆಮೇಲೆ ಅಂಗೈ, ಆಮೇಲೆ ಮೊಣಕೈ... ಬಾವಿಗೆ ಇಳಿಯುವ ಕೊಡದ ಹಾಗೆ ನನ್ನ ಕೈ ನನ್ನಿಂದ ದೂರ ಹೋಗುತ್ತಿತ್ತು. ನಾನು ಅಳುತ್ತಿದ್ದೆ. ಬೇರೇನು ಮಾಡಲಿ?

ಕೆಳಗೆ ಮಾವ ಬಂದು ಶಟರ್ ಎತ್ತಿದ ಸದ್ದಾಯಿತು. ಮೇಲೆ ಎಲ್ಲ ನಿಂತಿತು.

ಕಿಟಕಿಯಲ್ಲಿ ಬೆಳಕು ಬಂದಾಗ ನೋಡಿದೆ. ಚಿಲಕ ಹಾಕಿದಂತೆಯೇ ಇತ್ತು. ಸೆಟ್ ಈಗ ಉಲ್ಟಾ ಇರಲಿಲ್ಲ. ಬಲಗೈಯವರು ಬಾರಿಸುವ ಹಾಗೆ ಸರಿಯಾಗಿ ನಿಂತಿತ್ತು. ಅದನ್ನು ನಾನು ಜೋಡಿಸಿರಲಿಲ್ಲ.

ಆ ಬೆಳಿಗ್ಗೆ ಕಾಫಿಯ ಲೋಟ ಕೈಯಿಂದ ಜಾರಿ ಬಿತ್ತು.

"ಎಂತ ಸದಾನಂದ, ಲೋಟ ಹಿಡಿಲಿಕ್ಕೂ ಆಗುದಿಲ್ವಾ ನಿನಗೆ?" ಎಂದರು ಮಾವ. ಆಮೇಲೆ ನನ್ನ ಮುಖ ನೋಡಿ, ಅವರೇ ರಿಕ್ಷಾ ಕರೆದರು.

ಡಾಕ್ಟರು ಕೈಗೆ ಸೂಜಿ ಚುಚ್ಚಿ ನೋಡಿದರು. "ಕೈಯ ಮೇಲೆ ಮಲಗಿ ನರ ಒತ್ತಿದೆ. ಸರಿಯಾಗ್ತದೆ," ಎಂದರು. ಸರಿಯಾಗಲಿಲ್ಲ.

ವಿಠಲನಿಗೆ ರಾತ್ರಿಯ ಸಂಗತಿ ಹೇಳಿದೆ. ಅವನು ನಗಲಿಲ್ಲ. "ವಾಪಸು ಕೊಟ್ಟು ಬರುವ," ಎಂದಷ್ಟೇ ಹೇಳಿದ. ಟೆಂಪೋದಲ್ಲಿ ಸೆಟ್ ಹಾಕಿಕೊಂಡು ಜೆಪ್ಪುವಿಗೆ ಹೋದೆವು. ಮನಸ್ಸಿನಲ್ಲಿ ಸಣ್ಣ ಆಸೆಯಿತ್ತು... ಸೆಟ್ ಕೊಟ್ಟರೆ ಕೈ ಬರಬಹುದು.

ಜೂಲಿಯಾನ ಬಾಯಿ ಬಾಗಿಲಿಗೆ ಓಡಿ ಬಂದರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

"ನಿಮಗೆ ಹೇಳಿ ಕಳಿಸ್ಬೇಕು ಅಂತಿದ್ದೆ! ಅಣ್ಣನ ಕೈ ಬಂತು ಮಾರಾಯ್ರೆ! ಆಸ್ಪತ್ರೆಯವರು ಆಗುದೇ ಇಲ್ಲ ಅಂದಿದ್ರು!"

ಒಳಗೆ ಮಾಸ್ಟ್ರು ಕನ್ನಡಿಯ ಮುಂದೆ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಬಲಗೈಯಲ್ಲಿ. ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಗುಂಡಿ, ಮಗುವಿನ ಸಂತೋಷದಿಂದ. "ದೇವರು ದೊಡ್ಡವ," ಎಂದರು ನಮ್ಮನ್ನು ನೋಡಿ. ಆ ಮುಖದಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಳವನ್ನಾದರೂ ಮಾಡಬಹುದಿತ್ತು.

ವಿಠಲ ನನ್ನನ್ನು ನೋಡಿದ. ನಾನು ತಲೆಯಾಡಿಸಿ ಬೇಡವೆಂದೆ. ಆ ತಂಗಿಯ ಮುಂದೆ ನಿಂತು ಎಂತ ಹೇಳುವುದು? ನಿಮ್ಮ ಅಣ್ಣನಿಗೆ ಬಂದದ್ದು ನನ್ನ ಕೈ ಎಂದೇ? ಸೆಟ್ ಇಳಿಸಿ ಬಂದೆವು. ಗೇಟು ದಾಟುವ ಮೊದಲೇ ಒಳಗೆ ಬಾರಿಸುವುದು ಸುರುವಾಗಿತ್ತು.

ಆರ್ಕೆಸ್ಟ್ರಾಕ್ಕೆ ಬೇರೆ ಡ್ರಮ್ಮರ್ ಬಂದ. ವಿಠಲನ ಅಣ್ಣ ತಂದ ಎಲೆಕ್ಟ್ರಾನಿಕ್ ಪ್ಯಾಡೂ ಅವನ ಪಾಲಾಯಿತು. ನಾನು ಎಡಗೈಯಲ್ಲಿ ಬಿಲ್ಲು ಬರೆಯಲು ಕಲಿತೆ. ಎಣ್ಣೆ, ಕರೆಂಟಿನ ಚಿಕಿತ್ಸೆ, ಹರಕೆ... ಯಾವುದಕ್ಕೂ ಕೈ ಏಳಲಿಲ್ಲ.

ಎರಡು ಮೂರು ಮಳೆಗಾಲ ಕಳೆದಿರಬೇಕು. ಹಂಪನಕಟ್ಟೆಯ ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. "ಓ ಸದಾನಂದ!" ಎಂದು ಯಾರೋ ಕರೆದರು. ಗ್ರೆಗರಿ ಮಾಸ್ಟ್ರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಕೋಲುಗಳ ಚೀಲ. ಬಜಪೆಯಲ್ಲಿ ಮದುವೆ, ಬಾರಿಸಲಿಕ್ಕೆ ಹೋಗುತ್ತಿದ್ದೇನೆ ಎಂದರು. ಬಲಗೈ ಮುಂದೆ ಚಾಚಿದರು.

ನನ್ನ ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಯಾವಾಗಲೂ ಅಲ್ಲೇ ಇಡುತ್ತಿದ್ದೆ. ಎಡಗೈ ಕೊಟ್ಟೆ.

"ಎಡಗೈ ಎಂತಕ್ಕೆ ಮಾರಾಯ?" ಎಂದು ನಕ್ಕು, ಅದನ್ನೇ ಹಿಡಿದುಕೊಂಡರು.

ಅವರ ಬಲಗೈ ಹಿಡಿದದ್ದು ನನ್ನ ಎಡಗೈ. ಬೆಚ್ಚಗಾದದ್ದು ಜೇಬಿನೊಳಗಿನ ಬಲಗೈ. ಇನ್ನೊಬ್ಬರ ಅಂಗೈ, ಬೆರಳುಗಳ ಒತ್ತು, ಉಗುರಿನ ತುದಿ... ಎಲ್ಲ ತಿಳಿಯುತ್ತಿತ್ತು. ಸತ್ತ ಕೈಗೆ!

ಬಸ್ಸು ಬಂತು. ಅವರು ಕೈ ಬಿಟ್ಟು ಹತ್ತಿದರು. ಅವರನ್ನು ಕೂಗಿ ಕರೆಯಬೇಕೆಂದು ಬಾಯಿ ತೆರೆದೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಹಾಗೆಯೇ ನಿಂತಿದ್ದೆ. ಜೇಬಿನೊಳಗೆ ಕೈ ಮೆಲ್ಲಮೆಲ್ಲಗೆ ತಣ್ಣಗಾಗುತ್ತಿತ್ತು.